ಒಳಗ ಬಿಟ್ಟ ಅರಿವಿ

ಬ್ಲೇಡಿನಿಂದ ಗುಳಿಗಿ ಸೀಳ್ತೇನಿ.
ಅರ್ಧ ಮಾಡೂದು ಸುಲಭ, ನಡುವ ಗೀರು ಹಾಕೇ ಕೊಟ್ಟಿರ್ತಾರ.
ಕಾಲು ಮಾಡೂದು ಕಷ್ಟ.
ಒಂದು ಚೂರು ದೊಡ್ಡದು, ಒಂದು ಸಣ್ಣದು,
ಉದುರಿದ ಪುಡಿ ಅರಿವಿ ಮ್ಯಾಲಿನ ಸುಣ್ಣದಾಗ ಕೂಡಿ
ಯಾವುದು ಔಷಧ, ಯಾವುದು ಜಂಪರಿನ ಗುರುತು
ತಿಳಿಯೂದಿಲ್ಲ.
ಬೆರಳು ನೆಕ್ಕಿ ನೋಡ್ತೇನಿ.
ಕಹಿ ಇದ್ದದ್ದು ನನ್ನದು.

ಮೊದಲು ಬಂದದ್ದು ಉಪ್ಪಿನ ಆಸಿ.
ಬಾಯ್ನಾದ ಸಮುದ್ರ ಬಾಗಿಲದ ತನಕ ಬರತೈತಿ,
ಗೋಡಿ, ಸೂಜಿ, ಕತ್ತರಿ ಎಲ್ಲಾ ಉಪ್ಪು ಹಿಡಿದು ತುಕ್ಕು ತಿಂತಾವ,
ನನಗ ಮಾತ್ರ ಸಾಲವಲ್ದು.
ಉಪ್ಪಿನಕಾಯಿ ಭರಣಿ ತಳದ ನೀರು ಕುಡದೆ.
ಪ್ರೆಸಿಲ್ಡಾಬಾಯಿ ಬಂಗಡಿ ಒಣಗಿಸಿದ ಹಗ್ಗದ ಕೆಳಗ
ಮೀನ ಮುಟ್ಟದ ಮನಿ ಮಗಳು ನಾನು
ವಾಸನಿ ತಗೋತ ನಿಂತೆ.

ಅಂಗೈಗೆರಿ ಕಪ್ಪಾದವು, ವಸಡು ನೇರಳಿ.
ಗುಳೇದಗುಡ್ಡದಿಂದ ಖಣದ ಗಂಟು ತಂದ ಅಣ್ಣ
"ಗೋವಾದ ಬಿಸಿಲವ್ವ" ಅಂದ.
ಅಂಗೈಯಾಗ ಬಿಸಿಲು ಬೀಳ್ತೈತೇನೋ ಯಣ್ಣಾ,
ದಿನವಿಡೀ ಮುಷ್ಟಿಯಾಗ ಕತ್ತರಿ ಹಿಡಿಯಾಕಿಗೆ?

ಮೊದಲನೇ ಡಾಕ್ಟರ್ ಥೈರಾಯ್ಡ್ ಒಂದ ನೋಡಿದ, ಗುಳಿಗಿ ಬರದ.
ಹತ್ತನೇ ದಿನ ಕದಂಬ ಬಸ್ಸಿನ ಮೆಟ್ಟಲದಾಗ
ಚಿಲ್ಲರ ಮುಷ್ಟಿಯಾಗ ಹಿಡಕೊಂಡೇ ಬಿದ್ದೆ.
ಬಾಂಬೋಳಿ ದವಾಖಾನಿಯ ಕೇಣಿ ಡಾಕ್ಟರಮ್ಮ
ಹಿಂದಿಗೆ ಕೊಂಕಣಿ ಕೂಡಿಸಿ ತಿಳಿಸಿ ಹೇಳಿದಳು:
ಕಿಡ್ನಿಗೆ ಟೊಪಗಿ ಹಾಕಿಧಂಗ ಎರಡು ಗ್ರಂಥಿ ಇರ್ತಾವ,
ಅವು ಬತ್ಯಾವ. ಮೊದಲು ಅದಕ್ಕ ಔಷಧ, ಆಮ್ಯಾಲೆ ಇದಕ್ಕ.
ನನಗ ತಿಳಿದದ್ದು ಇಷ್ಟ:
ಅಸ್ತರ ಇಲ್ಲದ ರೇಶ್ಮಿ ಹೊಲಿದಿದ್ರು,
ಜಗ್ಗಿದಲ್ಲೆ ಪಿಸೀತು.

ಆಮ್ಯಾಲೆ ಶುರುವಾತು ನೋಡ್ರಿ ಅಳತಿ.
ಒಂದು ತಿಂಗಳು ಜಾಸ್ತಿ ಆತು:
ಮಾರಿ ಬಾತು ಚಂದ್ರಾಮ,
ನಡುರಾತ್ರಿ ಎರಡಕ್ಕ ಎದ್ದು ಹನ್ನೊಂದು ಪರಕಾರ ಹೊಲಿದೆ,
ಒಂದು ಬಾಬಿನ್ನಿಗೆ ಗಂಡನ ಕೂಡ ಮೂರು ದಿನ ಮಾತು ಬಿಟ್ಟೆ.
ಇನ್ನೊಂದು ತಿಂಗಳು ಕಡಿಮಿ:
ಸಂಜಿ ನಾಕಕ್ಕ ಮಿಷನ್ ಗಾಲಿ ಬೀಸುಕಲ್ಲು.
ಥೈರಾಯ್ಡಿಂದು ಏರಿಸಿದ್ರ ಸೂಜಿಗೆ ದಾರ ಪೋಣಿಸಲಾರದ ಕೈ,
ಇಳಿಸಿದ್ರ ಬಾಚಣಿಕಿ ತುಂಬ ಕೂದಲ.

"ರಿಪೋರ್ಟ್ ಚೊಲೋ ಐತಿ" ಅಂದಳು ಕೇಣಿ.
ಬಾಯಿ, ಟೇಪು ಮೂವತ್ತಾರು ಅಂತೈತಿ ಖರೆ.
ತೊಟ್ಟಾಕಿ ಕೈ ಎತ್ತಿ ಹಗ್ಗದ ಮ್ಯಾಲೆ ಸೀರಿ ಹರವಲಿ,
ಆವಾಗ ಹೇಳ್ತೇನಿ ಅಳತಿ ಕೂಡೇತೋ ಇಲ್ಲೋ.
ಆಕಿ ಪೆನ್ನು ಕೆಳಗಿಟ್ಟಳು.
"ಹಂಗಾರ ನೀನ ಟ್ರಯಲ್ ನೋಡಿ ಬರಕೊಂಡು ಬಾ."

ಗಿರಾಕಿಗಳ ಅಳತಿ ಪುಸ್ತಕದಾಗ
ಫುರ್ಟಾಡೊ ಮೇಡಮ್ಮಿನ ತೋಳಿನ ಕೆಳಗ
ನನ್ನ ಹೆಸರಿಗೂ ಒಂದು ಹಾಳಿ.
ಆರಕ್ಕ ಹತ್ತು. ಹನ್ನೆರಡಕ್ಕ ಐದು.
ನಾಕಕ್ಕ ಎರಡೂವರಿ.
ಕೈ ಸ್ಥಿರ. ಸಿಟ್ಟು ಅಷ್ಟಕ್ಕಷ್ಟ.
ಚಹಾ ತಡಾ ಮಾಡಿ ಕುಡಿ.

ಆಷಾಢದಾಗ ಜ್ವರ ಬಂತು, ವಾಂತಿ.
ಗಂಡ ಬಂದರದಾಗ ಕಲ್ಲಿದ್ದಲ ಪಾಳಿಗೆ ಹೋಗಿದ್ದ.
ನುಂಗಿದ ಗುಳಿಗಿ ಹೊರಗ ಬಂದು ಬಿತ್ತು.
ಸುಗಲಾ, ಹದಿನಾರರ ನನ್ನ ಮಗಳು,
ಮೋಸಂಬಿ ಹಣ್ಣಿನ ಮ್ಯಾಲೆ ಕಲಿತಿದ್ದ ಸೂಜಿ
ನನ್ನ ತೊಡಿಗೆ ಚುಚ್ಚಿದಳು.
ಕೈ ನಡುಗಲಿಲ್ಲ ಆಕಿದು.
ಆಮ್ಯಾಲೆ ಬಚ್ಚಲಕ್ಕ ಹೋಗಿ ಅತ್ತಳು, ಕೇಳಿಸಿತು.

ನಮ್ಮವ್ವ ಹೇಳಿಕೊಟ್ಟದ್ದು:
ಹೊಲಿಗಿ ಒಳಗ ಒಂದು ಇಂಚು ಬಿಡಬೇಕು.
ಬಸುರಾಗ್ತಾಳ, ಮೈ ತುಂಬ್ತಾಳ, ತಿರುಗಿ ನಿನ್ನ ಹತ್ರಾನ ಬರ್ತಾಳ.
ಒಳಗ ಬಿಟ್ಟ ಅರಿವಿ ಹೊರಗ ಕಾಣೂದಿಲ್ಲ,
ಬಿಚ್ಚಿದಾಗ ಗೊತ್ತಾಕ್ಕೈತಿ.
ಉಳಿದವರ ಮೈಯಾಗ ಅದನ್ನ ಯಾರೋ ಬಿಟ್ಟಾರ.
ಜ್ವರಕ್ಕೊಂದಿಷ್ಟು, ಅಂಜಿಕಿಗೊಂದಿಷ್ಟು.
ನನ್ನದನ್ನ ನಾ ಡಬ್ಬಿಯಾಗ ಇಟಗೊಂಡು ತಿರಗ್ತೇನಿ,
ಜ್ವರ ಬಂದ್ರ ಎರಡು ಪಟ್ಟು,
ಇಳಿದ್ರ ಮತ್ತ ಒಳಗ ಮಡಚಿ ಟಾಕಿ.

ಇನ್ನೂ ಪೂರಾ ಕೂಡಿಲ್ಲ.
ಬುಧವಾರ ಒಂದು ಕಾಲು ಗುಳಿಗಿ
ಫರಸಿ ಸಂದ್ಯಾಗ ಉರುಳಿ ಹೋತು,
ಕಸಬರಿಗಿ ಕಡ್ಡಿ ಹಾಕಿ ಕೆದರ್ಕೋತ ಕೂತಿದ್ದೆ,
ಫುರ್ಟಾಡೊ ಮೇಡಮ್ಮಿನ ಲಗ್ನದ ಗೌನು ಮಿಷನ್ ಮ್ಯಾಲೇ ಬಿಟ್ಟು.
ನಾಕು ಹೊಡೀತು.
ಆಚಿ ಮನಿಯಿಂದ ಪ್ರೆಸಿಲ್ಡಾಬಾಯಿ
ಸೌಟಿಲೆ ಗೋಡಿ ಬಡದಳು:
"ಗುಳಿ ಘೆತ್ಲಿ ಗೊ?"