ಎರಡು ಅಂಕದ ಪ್ರಶ್ನೆ

ಬ್ಯಾಲರಟ್ಟಿನ ಜುಲೈ ರಾತ್ರಿಯೆಂದರೆ
ಕಾರಿನ ಗಾಜಿನ ಮೇಲೆ ಉಪ್ಪು ಚೆಲ್ಲಿದಂಥ ಹಿಮ.
ಒಳಗೆ ಹೀಟರು, ಫಿನಾಯಿಲು, ಆರಿದ ಸೂಪು.
ವೃದ್ಧಾಶ್ರಮದಲ್ಲಿ ನನ್ನ ಪಾಳಿ ಹತ್ತರಿಂದ ಆರು.
ಜೇಬಿನಲ್ಲಿ ರಬ್ಬರ್ ಬ್ಯಾಂಡು ಸುತ್ತಿದ
ನಲವತ್ತೊಂದು ಕಾರ್ಡು.
ಮನಶ್ಶಾಸ್ತ್ರ, ಮೊದಲ ಪತ್ರಿಕೆ, ಶುಕ್ರವಾರ ಒಂಬತ್ತೂವರೆಗೆ.

ಐವತ್ತೆರಡಕ್ಕೆ ಎಂಥ ಓದು ಅಂದರೆ
ಬಹುಮಾನದ ಆಸೆಯಿಲ್ಲದೆ ಮಾಡುವ ಕೆಲಸಕ್ಕೆ
ಕಾರ್ಡು ಆರರಲ್ಲಿ ಹೆಸರಿದೆ: ಆಂತರಿಕ ಪ್ರೇರಣೆ.
ಪಾಸಾದರೆ ಗಂಟೆಗೆ ಎರಡು ಡಾಲರು ಹೆಚ್ಚು ಎಂಬುದು
ಅದೇ ಕಾರ್ಡಿನ ಹಿಂದೆ, ಪೆನ್ಸಿಲ್ಲಿನಲ್ಲಿ.

ಹದಿನಾಲ್ಕನೇ ಕೋಣೆಯ ಮಿಸೆಸ್ ಟ್ರೆಲೋರ್ ಮಲಗುವುದಿಲ್ಲ.
ಮೂವತ್ತಾರು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿದ ಕೈ,
ಕಾರ್ಡು ಕಂಡರೆ ತಾನೇ ಮುಂದೆ ಬರುತ್ತದೆ.
ಮೊದಲು ನನ್ನೆದೆಯ ಬಿಲ್ಲೆ ಓದುತ್ತಾರೆ.
ನೀಲಗಂಗಾ ಎಂದು ಬರೆದುಕೊಟ್ಟದ್ದನ್ನು ಆಫೀಸಿನವರು
ಬಾಲ ಕತ್ತರಿಸಿ 'ನೀಲ್' ಮಾಡಿದ್ದಾರೆ.
"ಗಂಡಸರ ಹೆಸರಲ್ಲವೇನಮ್ಮ ಅದು?"
ದಿನಾ ಅದೇ ಪ್ರಶ್ನೆ.
ನನ್ನ ನಗು ಮಾತ್ರ, ಯಾಕೋ, ದಿನಾ ಹೊಸದು.

"ಪಟ್ಟಿಯ ಮೊದಲಿನವು, ಕೊನೆಯವು ನೆನಪಿರುತ್ತವೆ,
ನಡುವಿನವು ಜಾರುತ್ತವೆ. ಏನದು?"
ಸರಣಿ ಸ್ಥಾನ ಪರಿಣಾಮ, ಮಿಸ್.
"ಜೋರಾಗಿ."
ಸರಣಿ ಸ್ಥಾನ ಪರಿಣಾಮ, ಮಿಸ್!
ಅರವತ್ತೊಂದನೇ ಇಸವಿಯ ಹಾಜರಿ ಅವರಿಗಿನ್ನೂ ಬಾಯಿಪಾಠ:
ಆಂಗೋವ್, ಬೇಟ್, ಕರ್ನೋ, ಡನ್‌ಸ್ಟನ್, ಹಾಸ್ಕಿಂಗ್.
ಈಗ ಕುಡಿದ ಚಹಾಕ್ಕೆ ಸಕ್ಕರೆ ಸಾಲದೆಂಬುದೂ ಗೊತ್ತು.
ನಡುವೆ ಒಬ್ಬ ಗಂಡನಿದ್ದ, ಬಡಗಿ.
ಕಪಾಟಿನ ಮೇಲೆ ಅವನದೊಂದು ಫೋಟೋ.
"ಲಕ್ಷಣವಾಗಿದ್ದಾರೆ. ನಿಮ್ಮ ತಂದೆಯೆ?"

"ಕಣ್ಣಿಂದ ಮರೆಯಾದದ್ದು ಇಲ್ಲವಾಗಿಲ್ಲ ಎಂಬ ಅರಿವು
ಮಗುವಿಗೆ ಯಾವಾಗ ಬರುತ್ತದೆ?"
ಎಂಟು ತಿಂಗಳ ಆಸುಪಾಸು, ಮಿಸ್.
ಯಾವಾಗ ಹೋಗುತ್ತದೆ ಎಂಬ ಕಾರ್ಡು
ನನ್ನ ಕಟ್ಟಿನಲ್ಲಿಲ್ಲ.
ಬಾಗಿಲು ದಾಟಿದೆನೋ, ನಾನಿಲ್ಲ.

ಆದರೆ ನನ್ನ ಚಹಾ ಗಾಡಿಯ ಎಡಗಡೆ ಚಕ್ರವೊಂದಿತ್ತು,
ಕೀಂಯ್, ಕೀಂಯ್.
ಅದು ಮೂಲೆ ತಿರುಗುವಷ್ಟರಲ್ಲಿ
ಅವರ ಕೈ ಕನ್ನಡಕಕ್ಕೆ, ಬೆನ್ನು ನೆಟ್ಟಗೆ.
ಮುಖ ಮರೆತ ಮೈ ಪಾಠದ ಹೊತ್ತು ಮರೆತಿರಲಿಲ್ಲ.
ಗಂಟೆ, ನಾಯಿ, ಜೊಲ್ಲು: ಪುಸ್ತಕದ ಆ ಚಿತ್ರಕ್ಕೂ ಇವರಿಗೂ
ಗಂಟು ಹಾಕಲು ನಾಚಿಕೆಯಾಗುತ್ತಿತ್ತು.
ಹಾಗೆ ನೋಡಿದರೆ ನನ್ನದೇನು ಬೇರೆ?
ಲಿಡಿಯಾರ್ಡ್ ಬೀದಿಯ ರೈಲ್ವೆ ಗೇಟು ಢಣಢಣ ಅಂದರೆ
ಇವತ್ತಿಗೂ ನಾಲಗೆಗೆ ಸರ್ಕಾರಿ ಶಾಲೆಯ ಗೋಧಿ ಉಪ್ಪಿಟ್ಟು.
ಕನ್ನಡದಲ್ಲಿ ಇದನ್ನು ಅನುಬಂಧ ಅನ್ನುತ್ತಾರಂತೆ.
ಕಾರ್ಡಿನ ಅಂಚಿಗೆ ಬರೆದುಕೊಂಡೆ.
ಯಾರೋ ಯೋಚಿಸಿಯೇ ಇಟ್ಟ ಹೆಸರು.

ಬುಧವಾರ ರಿಪೇರಿ ಹುಡುಗ ಬ್ರೆಂಟ್
ಚಕ್ರಕ್ಕೆ ಎಣ್ಣೆ ಬಿಟ್ಟ. ಪಾಪ, ಒಳ್ಳೆಯದಕ್ಕೇ.
ಗುರುವಾರ ಗಾಡಿ ಬೆಕ್ಕಿನ ಹಾಗೆ ಒಳಗೆ ಹೋಯಿತು.
ಅವರು ಗೋಡೆ ನೋಡುತ್ತಿದ್ದರು.
ಕಾರ್ಡು ಚಾಚಿದೆ.
"ಬೇಡಮ್ಮ. ನಾವೇನೂ ಕೊಳ್ಳುವುದಿಲ್ಲ."

ಇದು ವಿಲೋಪವೆ? ಕಾರ್ಡು ಹತ್ತೊಂಬತ್ತು.
ಅಲ್ಲ. ಅದಕ್ಕೆ ಗಂಟೆ ಬಡಿಯಬೇಕು, ಅನ್ನ ಬಾರದಿರಬೇಕು.
ಇಲ್ಲಿ ಅನ್ನ ಬಂದು ನಿಂತಿದೆ,
ಗಂಟೆಯೇ ಇಲ್ಲ.
ಹಾಳೆ ತಿರುಗಿಸಿದೆ. ಹೆಸರು ಸಿಗಲಿಲ್ಲ.

ಗಾಡಿ ಹಿಂದಕ್ಕೆಳೆದು ಕಾರಿಡಾರಿನ ಕೊನೆಗೆ ಹೋದೆ.
ಆಚೆ ಈಚೆ ಯಾರೂ ಇಲ್ಲ ತಾನೆ?
ಐವತ್ತೆರಡರ ಹೆಂಗಸು, ಎರಡು ಮಕ್ಕಳನ್ನು ಹೆತ್ತವಳು,
ಬಾಯಲ್ಲೇ ಕೀಂಯ್ ಅಂದೆ,
ಇನ್ನೂ ಸ್ವಲ್ಪ ಸಣ್ಣ ದನಿಯಲ್ಲಿ ಕೀಂಯ್,
ತಳ್ಳಿಕೊಂಡು ಬಂದೆ.

ಕನ್ನಡಕ ಮೂಗಿನ ಮೇಲಿತ್ತು.
"ತಡ ಮಾಡಿದೆ. ಕೂತುಕೋ.
ನೀಲ್? ಗಂಡಸರ ಹೆಸರಲ್ಲವೇನಮ್ಮ ಅದು?"

ಶುಕ್ರವಾರ, ಎಂಟನೇ ಪ್ರಶ್ನೆ:
ಅನುಬಂಧಿತ ಪ್ರತಿಕ್ರಿಯೆಗೆ ಒಂದು ಉದಾಹರಣೆ ಕೊಡಿ.
ಎರಡು ಅಂಕ. ಎರಡೇ ಗೆರೆ ಜಾಗ.
ಪೆನ್ನು ಎತ್ತಿ ಎಷ್ಟೋ ಹೊತ್ತು ಕೂತಿದ್ದು
ನಾಯಿಯನ್ನೇ ಬರೆದು ಬಂದೆ.