ಆನೊ

ಗಾಳಿ ಈ ಕಡೆ ತಿರುಗಿದ ದಿನ ಸೀಡರ್ ರಾಪಿಡ್ಸ್ ಊರಿಡೀ
ಹುರಿದ ಓಟ್ಸಿನ ವಾಸನೆ. ಕಾರ್ಖಾನೆಯದು.
ಮಾರಿವಿಕ್ ಕಿಟಕಿ ತೆರೆದು
"ಲೋಲಾ, ಯಾರೋ ಗಂಜಿ ಕಾಯಿಸ್ತಿದಾರೆ" ಅನ್ನುತ್ತಾಳೆ.
ದಿನವೂ ಅದೇ ತಮಾಷೆ.

ಲೋಲಾ ಅಂದರೆ ಅಜ್ಜಿ, ಅವಳ ಮಾತಿನಲ್ಲಿ.
ತಲೆದೆಸೆಯ ಚೀಟಿಯಲ್ಲಿ ದ್ರಾಹೊಮೀರಾ, ಎಂಬತ್ತೊಂಬತ್ತು,
ಮಿದುಳಿನ ಎಡಕ್ಕೆ ಆಘಾತ, ಆಗಸ್ಟ್.
ಐವತ್ತು ವರ್ಷ ಆಡಿದ ಇಂಗ್ಲಿಷು ಒಂದೇ ರಾತ್ರಿಯಲ್ಲಿ
ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ ಹೊರಟುಹೋಯಿತು,
ಗೋಡೆಯಲ್ಲಿ ಮೊಳೆಗಳನ್ನಷ್ಟೇ ಬಿಟ್ಟು.
ಉಳಿದದ್ದು ಚೆಕ್.

ನಾನು ಹೋದ ಮಾತನ್ನು ಕರೆತರುವವಳು,
ವಾರಕ್ಕೆ ಮೂರು ಸಲ, ವಿಮೆಯವರು ಕೊಟ್ಟ ಅರ್ಧ ಗಂಟೆ.
ಲೋಟದ ಚಿತ್ರ ಹಿಡಿದು, ಇದು ಲೋಟವಾ ಎಂದರೆ
"ಆನೊ" ಅನ್ನುತ್ತಾಳೆ ಅಜ್ಜಿ. ಹೌದು ಎಂದು.
"ಅನೋ?" ಅನ್ನುತ್ತಾಳೆ ಮಾರಿವಿಕ್, ದಿಂಬು ಏರಿಸುತ್ತಾ.
ಏನು ಎಂದು.
"ಆನೊ!"
"ಅನೋ?"
"ಆನೊ, ಆನೊ!"
ಮೊದಲ ವಾರ ಹೀಗೇ ಕಳೆಯಿತು,
ಒಬ್ಬಳು ಒಪ್ಪುತ್ತಾ, ಒಬ್ಬಳು ಕೇಳುತ್ತಾ,
ಇಬ್ಬರಿಗೂ ಸಿಟ್ಟು.

ಚೆಕ್ ಮೊದಲಕ್ಷರಕ್ಕೇ ಕಾಲೂರುತ್ತದೆ,
ಬಾಗಿಲು ತಟ್ಟಿ ಬರುವವರ ಹಾಗೆ.
ಫಿಲಿಪಿನೋ ಮಾತು ಕೊನೆ ಮೆಟ್ಟಿಲಲ್ಲೋ
ಅದರ ಹಿಂದಿನದರಲ್ಲೋ ನಿಂತು ತಿರುಗಿ ನೋಡುತ್ತದೆ.
ಅಜ್ಜಿ ಖುಷಿಯಲ್ಲಿದ್ದರೆ ನನ್ನನ್ನು ಪೀಡಿಸುತ್ತಾಳೆ:
ಸ್ತ್ರ್ಚ್ ಪ್ರ್ಸ್ತ್ ಸ್ಕ್ರ್ಸ್ ಕ್ರ್ಕ್.
ಗಂಟಲಲ್ಲಿ ಬೆರಳು ತೂರಿಸು ಎಂದರ್ಥ.
ಒಂದು ಸ್ವರವಿಲ್ಲ, ಉಸಿರಿಗೆ ಕಿಂಡಿಯಿಲ್ಲ.
ಕನ್ನಡದಲ್ಲಿ ಒತ್ತು ಕೊಟ್ಟು ಬರೆಯಹೊರಟರೆ
ಸಾಲಿನ ಕೆಳಗೊಂದು ನೆಲಮಾಳಿಗೆ ತೋಡಬೇಕು.

ಮಾರಿವಿಕ್‌ಗೆ ಕಾಯಿನ್ ಎಂದರೆ ಉಣ್ಣು.
ನಡುವೆ ಉಮ್ ತುರುಕಿದರೆ ಕುಮಾಯಿನ್, ಉಂಡಾಯಿತು.
ಕಾಕಾಯಿನ್ ಎಂದು ತೊದಲಿದರೆ, ಇನ್ನು ಉಣ್ಣುವುದಿದೆ.
ತೊದಲು ತಿದ್ದುವುದೇ ಕಸುಬಾದ ನಾನು
ಪೆನ್ನು ಕೆಳಗಿಟ್ಟೆ:
ನಾಳೆ ಎಂಬುದನ್ನು ತೊದಲಿಯೇ ಹೇಳುವ ಭಾಷೆಯೂ ಉಂಟು.

ಅಜ್ಜಿಗೆ ವಿಭಕ್ತಿ ಏಳು, ನಮ್ಮ ವ್ಯಾಕರಣದ ಮೇಷ್ಟ್ರ ಲೆಕ್ಕವೇ.
ಅವಳ ಮೇಜು ಗಂಡಸು, ಕುರ್ಚಿ ಹೆಂಗಸು,
ಕಿಟಕಿ ಎರಡೂ ಅಲ್ಲ.
ಮಾರಿವಿಕ್‌ಗೆ ಅವನೂ ಸಿಯಾ, ಅವಳೂ ಸಿಯಾ.
ಅಜ್ಜಿಯನ್ನು ಇಂಗ್ಲಿಷಿನಲ್ಲಿ 'ಅವನು' ಅಂದುಬಿಡುತ್ತಾಳೆ,
ಡಾಕ್ಟರು ನಕ್ಕರೆ ಕಿವಿ ಕೆಂಪು.
"ಮನುಷ್ಯರು ಅಂತ ಗೊತ್ತಾಯ್ತಲ್ಲ, ಸಾಲದಾ?"
ಅವಳಲ್ಲಿ ನಾವು ಎರಡು.
ತಾಯೊ, ನಿನ್ನನ್ನೂ ಸೇರಿಸಿ. ಕಾಮಿ, ನಿನ್ನನ್ನು ಬಿಟ್ಟು.
ನನ್ನ 'ನಾವು' ಒಂದೇ ಕೊಡೆ.
ಯಾರು ಒಳಗೆ, ಯಾರು ಹೊರಗೆ,
ಮಳೆ ಬಂದಾಗಷ್ಟೇ ತಿಳಿಯುತ್ತದೆ.

ನವೆಂಬರಿನ ಒಂದು ಸಂಜೆ ಮಾರಿವಿಕ್‌ಳ ಫೋನಿನಲ್ಲಿ
ಬತಾಂಗಾಸಿನಿಂದ ತಂಗಿಯ ಕೂಸು.
"ಬಾತಾ" ಎಂದು ತೋರಿಸಿದಳು. ಮಗು.
ಅಜ್ಜಿ ತಟ್ಟನೆ ತನ್ನ ಪಾದ ಮುಟ್ಟಿಕೊಂಡಳು.
"ಬಾತ್ಯಾ. ತಾತಾ. ಬಾತ್ಯಾ."
ತಾತಾ ಅಂದರೆ ಅಪ್ಪ, ಅವಳಲ್ಲಿ.
ಜ್ಲೀನಿನಲ್ಲಿ ಬೂಟು ಹೊಲಿಯುತ್ತಿದ್ದನಂತೆ,
ಆ ಕಂಪನಿ ಅಲ್ಲಿಯದೇ.
ನನಗೋ, ಸ್ಕೂಲಿನ ಮೊದಲ ದಿನ ಹಿಮ್ಮಡಿ ಕಚ್ಚಿದ ಕಪ್ಪು ಬಾಟಾ,
ಪ್ರಾರ್ಥನೆಗೆ ಒಂಟಿಕಾಲಲ್ಲಿ ನಿಂತದ್ದು.
ಮೂವರೂ ಆ ಪಾದ ನೋಡುತ್ತಾ ಕೂತೆವು,
ಬೆರಳು ಕೊಂಚ ಬಾತಿತ್ತು, ಉಗುರು ಕತ್ತರಿಸಬೇಕಿತ್ತು.
ಮಾರಿವಿಕ್ ಕತ್ತರಿ ತಂದಳು.

ನಿನ್ನೆ ಚಿತ್ರಗಳೆಲ್ಲ ಮುಗಿದ ಮೇಲೆ ಕನ್ನಡಿ ಹಿಡಿದೆ.
ಇದು ಯಾರು?
ತುಂಬ ಹೊತ್ತು ನೋಡಿದಳು. ತುಟಿ ಒದ್ದೆ ಮಾಡಿಕೊಂಡಳು.
"ಆನೊ."
ಮಾರಿವಿಕ್ ಈ ಸಲ ಏನೆಂದು ಕೇಳಲಿಲ್ಲ.
ನನ್ನ ಅಜ್ಜಿಯ ಹವ್ಯಕ ಮಾತಿನಲ್ಲಿ
ಆನು ಎಂದರೆ ನಾನು.

ಪಟ್ಟಿಯ ಪ್ರಕಾರ ಅದು ತಪ್ಪು ಉತ್ತರ.
ಸರಿ ಗುರುತು ಹಾಕಿ, ಕನ್ನಡಿ ಒರೆಸಿ ಚೀಲಕ್ಕಿಟ್ಟೆ.
ಹೊರಗೆ ಗಾಳಿ ದಿಕ್ಕು ಬದಲಿಸಿತ್ತು,
ಗಂಜಿಯ ವಾಸನೆ ಇರಲಿಲ್ಲ.