ನೆನೆದ ಕೊಳವೆಯ ಅರ್ಧ ಉದ್ದ

ಎಸ್ಟೋನಿಯಾದವರ ಮಾತಿನಲ್ಲಿ ಕಿವಿ ಎಂದರೆ ಕಲ್ಲು.
ಹಾಗಾಗಿ ಕಿವಿಸಾರೆಯ ಹಳೆಯ ಅಗ್ನಿಶಾಮಕ ಠಾಣೆಯಲ್ಲಿ
ಗೋಡೆಗೂ ಕಿವಿ ಉಂಟು ಎಂದರೆ
ಎಚ್ಚರಿಕೆಯಲ್ಲ, ಬರೀ ಕಟ್ಟಡದ ವಿವರ:
ಹೊಲ ಉಳುವಾಗ ಎದ್ದ ಗುಂಡುಕಲ್ಲು ಸೊಂಟದವರೆಗೆ,
ಮೇಲೆ ಪೈನ್ ಹಲಗೆ, ಕೆಮ್ಮಣ್ಣಿನ ಬಣ್ಣ.
ಊರವರು ಠಾಣೆ ಎನ್ನುವುದಿಲ್ಲ,
ಪಿಚಕಾರಿ ಮನೆ ಎನ್ನುತ್ತಾರೆ.

ಅಳತೆಪಟ್ಟಿಯ ಒಂದು ತುದಿ ಮಾರಿಕಾಳ ಕೈಯಲ್ಲಿ,
ಇನ್ನೊಂದು ಹೆಲ್ದುರ್‌ನ ಹೆಬ್ಬೆರಳ ಕೆಳಗೆ.
ಅವನಿಗೆ ಎಂಬತ್ತೊಂದು. ಬೀಗದ ಕೈ ಅವನದೇ.
ಬಾಗಿಲು: ಎರಡು ಮೀಟರ್ ಎಪ್ಪತ್ತು.
'ಎರಡು ಕುದುರೆ,' ಎನ್ನುತ್ತಾನೆ,
'ನಡುವೆ ಒಬ್ಬ ಹುಡುಗನ ಮೊಣಕೈ.'
ಅವಳು ಬರೆದುಕೊಳ್ಳುತ್ತಾಳೆ: ೨.೭೦.

ಐವತ್ತಾರರಲ್ಲಿ ಲಾರಿ ಬಂತು. ಕನ್ನಡಿ ತಾಗಿತು.
ಎಡಗಂಬವನ್ನು ಕೊಡಲಿಯಲ್ಲೇ ಕೆತ್ತಿದರು.
ಬಡಗಿ ಬಂದಿದ್ದರೆ ಅಂದವಾಗಿ ಕೆತ್ತುತ್ತಿದ್ದನೇನೋ,
ಆದರೆ ಆ ಹೊತ್ತಿಗೆ ಎಲ್ಲೋ ಹುಲ್ಲುಬಣವೆ ಉರಿಯುತ್ತಿತ್ತು.
ಗಾಯ ಈಗಲೂ ಇದೆ, ಅಂಗೈ ಅಗಲ,
ಭುಜಗಳು ಉಜ್ಜಿ ಉಜ್ಜಿ ನುಣುಪು.

ನೆಲ ಮಟ್ಟಸವಲ್ಲ. ಗೋಲಿ ಇಟ್ಟರೆ
ತಾನಾಗಿ ಬಾಗಿಲ ಕಡೆ ಉರುಳುತ್ತದೆ.
ನೀರು ಹರಿದುಹೋಗಲೆಂದು, ಎನ್ನುತ್ತದೆ ನಕ್ಷೆ.
ನಿದ್ದೆಗಣ್ಣಿನವರೂ ಬಂಡಿಯೂ
ಜಾರಿಕೊಂಡೇ ಹೊರಡಲೆಂದು, ಎನ್ನುತ್ತಾನೆ ಹೆಲ್ದುರ್.
ನಾಲ್ಕು ಬೆರಳಿನ ಇಳಿಜಾರಿಗೆ
ಎರಡು ಕಾರಣ ಹೆಚ್ಚೇನಲ್ಲ.

ಮಹಡಿಯಲ್ಲಿ ನಾಟಕದ ರಂಗ. ಹೌದು, ಇಲ್ಲೇ.
ಬೆಂಕಿ ವರ್ಷಕ್ಕೆ ಐದೋ ಆರೋ,
ಚಳಿಗಾಲದ ರಾತ್ರಿಗಳಿಗೆ ಲೆಕ್ಕವೆಲ್ಲಿ?
ಮೂವತ್ತೇಳರ ಫೆಬ್ರವರಿ: ಕೆಳಗಿನ ಒಲೆಯ ಹೊಗೆಗೂಡು ಬಿರಿದು
ತೊಲೆಗೆ ಕಿಡಿ ಹತ್ತಿತು. ರಂಗದ ತುಂಬ ಹೊಗೆ.
ಜನ ಚಪ್ಪಾಳೆ ತಟ್ಟಿದರು.
ಅಂಟುಮೀಸೆಯ ದಳಪತಿ ಯುಹಾನ್ ಕಿರ್ಸಿಮೆ
ತನ್ನ ಮಾತು ಮುಗಿಸಿಯೇ ಕೆಳಗೋಡಿದ ಎನ್ನುವವರಿದ್ದಾರೆ;
ಅರ್ಧಕ್ಕೇ ಬಿಟ್ಟ ಎನ್ನುವವರು
ಅವನ ಹೆಂಡತಿಯ ಕಡೆಯವರು.

ಆ ತೊಲೆಗೆ ಇಂದಿಗೂ ಬಣ್ಣ ಬಳಿದಿಲ್ಲ.
ಮಾರಿಕಾಳ ಪೆನ್ಸಿಲ್ಲು ಅಲ್ಲಿ ತಡೆಯುತ್ತದೆ.
ಕೊಳೆತದ್ದಕ್ಕೆ ಗುರುತಿದೆ, ಬಿರುಕಿಗೆ ಗುರುತಿದೆ,
ಬೇಕೆಂದೇ ಉಳಿಸಿಕೊಂಡ ಕರಿಗೆ
ಇಲಾಖೆಯ ಪಟ್ಟಿಯಲ್ಲಿ ಗುರುತಿಲ್ಲ.

ನಲವತ್ತೊಂಬತ್ತರ ಮಾರ್ಚ್‌ನ ಒಂದು ರಾತ್ರಿ
ಸೈನಿಕರ ಲಾರಿ ಬಂದು ಏಳು ಮನೆಯವರನ್ನು ಒಯ್ದಿತು.
ಗಂಟೆಯನ್ನು ಯಾರೂ ಬಾರಿಸಲಿಲ್ಲ.
ಅದು ಬೆಂಕಿಯಲ್ಲವಲ್ಲ.
ಹೆಲ್ದುರ್ ಇದನ್ನು ಹೇಳುವುದಿಲ್ಲ.
ಗಂಟೆಯ ಹಗ್ಗ ಸುತ್ತುವ ಮೊಳೆ ಅಳೆಯುವಾಗ
ಪಟ್ಟಿಯ ತುದಿಯನ್ನೂ ಅವಳಿಗೇ ಕೊಟ್ಟು
ಹೊರಗೆ ಹೋಗಿ ನಿಲ್ಲುತ್ತಾನೆ, ಮೋಡ ನೋಡುವವನ ಹಾಗೆ.

ಕೊನೆಗೆ ಗೋಪುರ.
ಬಸ್ಸಿನಲ್ಲಿ ಹೋಗುವವರು ಇಗರ್ಜಿ ಎಂದುಕೊಳ್ಳುತ್ತಾರೆ.
ಶಿಲುಬೆ ಇಲ್ಲ, ಗಡಿಯಾರ ಇಲ್ಲ,
ಒಳಗೆ ಮಹಡಿಗಳೂ ಇಲ್ಲ: ಒಂದು ಏಣಿ, ಒಂದು ರಾಟೆ, ಕತ್ತಲು.
ನಾರುಬಟ್ಟೆಯ ಕೊಳವೆ, ಇಪ್ಪತ್ತೆರಡು ಮೀಟರ್;
ಹಸಿಯಾಗಿ ಸುತ್ತಿಟ್ಟರೆ ಕೊಳೆಯುತ್ತದೆ.
ನಡುವಿಗೆ ಹಗ್ಗ ಬಿಗಿದು ಮೇಲೆಳೆದು
ಎರಡು ಕಾಲು ಇಳಿಬಿಟ್ಟ ಹಾಗೆ ನೇತುಹಾಕಬೇಕು.
ಈ ಎತ್ತರವನ್ನು ಯಾರ ಗರ್ವವೂ ಕಟ್ಟಿದ್ದಲ್ಲ,
ಯಾವ ದೇವರೂ ಕೇಳಿದ್ದಲ್ಲ:
ನೆನೆದ ಕೊಳವೆಯ ಅರ್ಧ ಉದ್ದ,
ತೊಟ್ಟಿಕ್ಕಲು ಇನ್ನೊಂದು ಮೊಳ.

ಈಗ ಕೊಳವೆ ರಬ್ಬರಿನದು, ಹೊಸ ಠಾಣೆ ಹೆದ್ದಾರಿಯ ಪಕ್ಕ.
ಅರ್ಜಿಯ ಕೊನೆಯ ಸಾಲು ಕೇಳುತ್ತದೆ:
ಗೋಪುರದ ಸದ್ಯದ ಬಳಕೆ?
ಮಾರಿಕಾ ಕತ್ತೆತ್ತುತ್ತಾಳೆ. ಕೆನ್ನೆಗೊಂದು ಹನಿ.
ರಾಟೆಯಿಂದ ಏನೋ ಇಳಿಬಿದ್ದಿದೆ, ನೀಲಿ, ಭಾರ.
'ನಾಟಕದ ಪರದೆ,' ಹೆಲ್ದುರ್ ತುಸು ನಾಚುತ್ತಾನೆ.
'ನಮ್ಮ ಲೈದಾ ನಿನ್ನೆ ಒಗೆದಳು.
ಬೇರೆಲ್ಲಿ ಹರವಲಿ ಹೇಳು,
ನೆಲಕ್ಕೆ ತಾಗಿಸದೆ?'